ಸಾಹೇಬನ ನೀರು

ಮನೆಯಿಂದ,
ಸೋಮವಾರ ಬೆಳಿಗ್ಗೆ

ಮುದ್ದು ಗುಬ್ಬೀ,

ಹೇಗಿದ್ದೀಯ? ಕಾಲಿನ ಬಾವು ಇಳಿಯಿತೇ? ಆಸ್ಪತ್ರೆ ಊಟ ಕಂಡರೆ ಮೂತಿ ತಿರುಗಿಸುತ್ತೀಯಂತೆ, ನರ್ಸಮ್ಮ ದೂರು ಹೇಳಿದರಂತೆ. ತಿನ್ನು ಮಗಳೇ, ಗುರುವಾರದ ಆಪರೇಷನ್‌ಗೆ ಮೈಯಲ್ಲಿ ಕಸುವು ಬೇಕು. ಇಲ್ಲಿ ನಾವು ಚೆನ್ನಾಗಿದ್ದೇವೆ. ನಿನ್ನ ಮೀನು ಸಾಹೇಬ ಮಾತ್ರ ಚೆನ್ನಾಗಿಲ್ಲ, ಅದಕ್ಕೆ ನಾನೇ ಕಾರಣ.

ಶನಿವಾರ ತೊಟ್ಟಿ ಮಂಕಾಗಿ ಕಂಡಿತೆಂದು ನೀರೆಲ್ಲ ಚೆಲ್ಲಿ, ನಲ್ಲಿಯಿಂದ ಸೀದಾ ತುಂಬಿಬಿಟ್ಟೆ. ‘ನೀರು ಒಂದಿನ ಹಿಡಿದಿಟ್ಟು ಆಮೇಲೆ ಹಾಕು ತಾತ’ ಅಂತ ನೀನು ಸಾರಿ ಸಾರಿ ಹೇಳಿದ್ದೆ. ಮೂವತ್ತು ವರ್ಷ ಊರಿನ ನೀರಿಗೆ ಕ್ಲೋರಿನ್ ಬೆರೆಸಿದವನು ನಾನು, ನನ್ನ ನೀರಿಗೆ ಹೆಸರಿಡುವವರು ಯಾರು ಅನ್ನುವ ಜಂಬ. ಜನರನ್ನು ಕಾಯುವ ಕ್ಲೋರಿನ್ ಮೀನಿನ ಕಿವಿರು ಸುಡುತ್ತದೆಂದು ತಲೆಗೆ ಹೊಳೆಯಲೇ ಇಲ್ಲ. ಅರ್ಧ ಗಂಟೆಯಲ್ಲಿ ಸಾಹೇಬ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದ. ಸಾಕುಮೀನಿನ ಅಂಗಡಿಗೆ ಓಡಿ ಕ್ಲೋರಿನ್ ಕಳೆಯುವ ಔಷಧಿ ತಂದು ಹಾಕಿದ ಮೇಲೆ ಸ್ವಲ್ಪ ಸುಧಾರಿಸಿಕೊಂಡ. ಆದರೂ ಮೂಲೆ ಹಿಡಿದು ನಿಂತಿದ್ದಾನೆ, ತಿಂಡಿ ಮುಟ್ಟಿಲ್ಲ.

ನಾನೂ ಹಠ ಬಿಟ್ಟಿಲ್ಲ. ಸೋಪು ಸೋಕದ ಹೊಸ ಬಕೆಟ್‌ನಲ್ಲಿ ನೀರು ಹಿಡಿದು, ಮುಚ್ಚದೆ ಒಂದು ದಿನ ಇಟ್ಟು ಆಗಾಗ ಕಲಕುತ್ತೇನೆ. ಆಮೇಲೆ ಪಂಪ್‌ಹೌಸಿನ ಹಳೇ ಗೆಳೆಯನಿಂದ ಬೇಡಿ ತಂದ ಗಾಜಿನ ಕೊಳವೆಯಲ್ಲಿ ನೀರು ತೆಗೆದು ಎರಡು ಹನಿ ಮದ್ದು ಬಿಡುತ್ತೇನೆ. ಕ್ಲೋರಿನ್ ಇದ್ದರೆ ನೀರು ಹಳದಿಯಾಗುತ್ತದೆ. ಕೆಲಸದಲ್ಲಿದ್ದಾಗ ಹಳದಿ ಬಾರದಿದ್ದರೆ ಮೇಲಧಿಕಾರಿಗಳಿಂದ ಬೈಗುಳ. ಈಗ ಚೂರು ಹಳದಿ ಕಂಡರೂ ಆ ಬಕೆಟ್ ಇನ್ನೊಂದು ದಿನ ಹಾಗೇ ಇಡುತ್ತೇನೆ. ಬಣ್ಣ ಬಾರದ ನೀರನ್ನೇ, ತೊಟ್ಟಿಯಷ್ಟೇ ಬೆಚ್ಚಗಿದೆಯೇ ಎಂದು ಕೈಯಿಟ್ಟು ನೋಡಿ, ಕಾಲುಭಾಗ ಮಾತ್ರ ಬದಲಿಸುತ್ತೇನೆ. ‘ಮೂವತ್ತು ವರ್ಷ ಹಾಕಿದ್ದನ್ನ ಈಗ ತೆಗೀತಾ ಕೂತಿದೀರಾ?’ ಅಂತ ನಿನ್ನಜ್ಜಿಗೆ ನಗು. ನಗಲಿ ಬಿಡು, ಬಕೆಟ್‌ಗೆ ಕಾವಲು ಕೂರುವವಳೂ ಅವಳೇ.

ಬೇಗ ಗುಣವಾಗು ಕಂದಾ. ನರ್ಸಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ
ತಾತ

ಮರೆತಿದ್ದೆ: ಸಾಹೇಬ ಸತ್ತರೆ ಅಂಥದ್ದೇ ಇನ್ನೊಂದು ತಂದು ಬಿಡೋಣ, ನಿನಗೆ ಹೇಳುವುದು ಬೇಡ ಅಂದ ನಿನ್ನಪ್ಪ. ಆಗೋದಿಲ್ಲ ಅಂದೆ. ಆದರೆ ಮೊನ್ನೆ ಫೋನಿನಲ್ಲಿ ನೀನು ‘ಆಪರೇಷನ್ ನೋಯುತ್ತಾ?’ ಅಂತ ಕೇಳಿದಾಗ ಎಲ್ಲರಂತೆ ನಾನೂ ‘ಏನೂ ಇಲ್ಲ’ ಅಂದುಬಿಟ್ಟೆ. ಅದು ಸುಳ್ಳು. ಎಚ್ಚರವಾದ ಮೇಲೆ ನೋಯುತ್ತದೆ ಗುಬ್ಬಿ, ಎರಡು ಮೂರು ದಿನ ಜೋರಾಗಿಯೇ. ನಾನು ಪಕ್ಕದಲ್ಲೇ ಕೂತಿರುತ್ತೇನೆ. ಸಾಹೇಬ ಹೇಗಿದ್ದಾನೆ ಅಂತ ಕೇಳು, ಇದ್ದದ್ದು ಇದ್ದ ಹಾಗೇ ಹೇಳುತ್ತೇನೆ.