ಮೂವತ್ತೇಳನೆಯ ಪುಸ್ತಕದ ಹೆಸರು

ಬೆಟಗೇರಿ,
ಎರಡನೇ ಆಷಾಢದ ಮೂವತ್ತೆಂಟನೆಯ ದಿನ,
ಗಾಳಿ ವರ್ಷ ತೊಂಬತ್ತಾರು

ದಾಕ್ಷಾಯಣಿ ಹೂಗಾರ ಅವರಿಗೆ,

ಮೇಲಿನ ತಾರೀಖು ನೋಡಿ ನೀವು ನಗುತ್ತೀರಿ ಎಂದು ನನಗೆ ಗೊತ್ತು. ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಯಾವ ತಿಂಗಳಿಗೂ ಮೂವತ್ತೆಂಟು ದಿನಗಳಿಲ್ಲ. ನಮ್ಮಲ್ಲಿ ಗಾಳಿ ನಿಲ್ಲುವ ತನಕ ಆಷಾಢ ಮುಗಿಯುವುದಿಲ್ಲ. ಒಂದು ಸಾಲದಿದ್ದರೆ ಎರಡನೆಯದನ್ನು ಸೇರಿಸಿಕೊಳ್ಳುತ್ತೇವೆ. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ನೂರ ಎಂಬತ್ತೊಂಬತ್ತನೆಯ ಇಸವಿ. ನಿಮ್ಮ ಕಾಲದ ಅಚ್ಚಿನ ಕನ್ನಡವನ್ನು ನಾನು ಹಳೆಯ ಪತ್ರಿಕೆಗಳ ಚೂರುಗಳಿಂದ ಕಲಿತವಳು, ಆದ್ದರಿಂದ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಕ್ಷಮೆಯನ್ನು ಈಗಲೇ ಕೇಳಿಬಿಡುತ್ತೇನೆ. ಮುಂದೆ ಕೇಳುವ ಮನಸ್ಸು ಉಳಿಯುತ್ತದೆಂಬ ನಂಬಿಕೆ ಇಲ್ಲ, ಏಕೆಂದರೆ ನಿಮ್ಮ ಮೇಲೆ ನನಗಿರುವುದು ನಲವತ್ತು ವರ್ಷಗಳ ಹೊಟ್ಟೆಕಿಚ್ಚು.

ನೀವು ಯಾರೆಂದು ನನಗೆ ಗೊತ್ತಿರುವುದು ಒಂದು ನೋಟ್‌ಬುಕ್ಕಿನಿಂದ. ಇನ್ನೂರು ಪುಟದ ಉದ್ದ ನೋಟ್‌ಬುಕ್ಕು. ಮೊದಲ ಮೂರು ಪುಟ ಪಿಯುಸಿ ಎರಡನೇ ವರ್ಷದ ಅರ್ಥಶಾಸ್ತ್ರ. ನಾಲ್ಕನೆಯ ಪುಟದಲ್ಲಿ ದಪ್ಪ ಅಕ್ಷರಗಳಲ್ಲಿ, ‘ಇತ್ತೀಚಿನ ಹದಿಹರೆಯದ ಕಾದಂಬರಿಗಳ ಬಗ್ಗೆ ನನ್ನ ಪ್ರಾಮಾಣಿಕ ಅಭಿಪ್ರಾಯ. ಅಪ್ಪ ಓದಬಾರದು.’ ನಿಮ್ಮ ಅಪ್ಪ ಓದಿದರೋ ಇಲ್ಲವೋ ತಿಳಿಯದು, ಆದರೆ ಅವರನ್ನು ಬಿಟ್ಟು ಈ ಊರಿನ ಮೂರು ತಲೆಮಾರುಗಳು ಅದನ್ನು ಓದಿವೆ. ನಿಮ್ಮ ಕಾಲದ ಆ ಕಾದಂಬರಿಗಳು ಮಾತ್ರ ನಮ್ಮ ತನಕ ಬರಲಿಲ್ಲ. ಒಂದೂ ಬರಲಿಲ್ಲ. ಕೆಲವು ಗಾಜಿನ ಪರದೆಗಳ ಒಳಗೇ ಸತ್ತವು, ಕೆಲವು ಗೆದ್ದಲಿನ ಹೊಟ್ಟೆ ಸೇರಿದವು. ಒಂದು ಉಕ್ಕಿನ ಟ್ರಂಕಿನಲ್ಲಿ, ಸೀರೆಗಳ ನಡುವೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ನಿಮ್ಮ ಅಭಿಪ್ರಾಯಗಳು ಬದುಕಿ ಬಂದವು. ಊಟ ಹೋಗಿ ತೇಗು ಉಳಿದ ಹಾಗೆ ಎಂದು ನಮ್ಮ ಹಿರಿಯರು ತಮಾಷೆ ಮಾಡುತ್ತಿದ್ದರಂತೆ. ಈಗ ಯಾರೂ ಹಾಗೆ ಅನ್ನುವುದಿಲ್ಲ. ನಮ್ಮ ಮಕ್ಕಳು ಅಕ್ಷರ ಕಲಿಯುವುದೇ ನಿಮ್ಮ ಬೈಗುಳಗಳಿಂದ.

ಮೂರನೆಯ ಪುಸ್ತಕದ ಬಗ್ಗೆ ನೀವು ಬರೆದದ್ದು ಇಲ್ಲಿ ಐದು ವರ್ಷದ ಕೂಸಿಗೂ ಬಾಯಿಪಾಠ. ‘ಈ ಹುಡುಗಿ ಮೂರ್ ಸಲ ಬಾಗ್ಲಾ ಬಡದು ತನ್ನ ರೂಮಿನ್ಯಾಗ ಹೋಗ್ತಾಳ. ನಮ್ಮನ್ಯಾಗ ಒಂದ್ ಸಲ ಬಡದ್ರ ಚಿಲಕಾ ಕಿತ್ತ್ ಬರ್ತೈತಿ, ಆಮ್ಯಾಲ ಅವ್ವ ನನ್ನ ಕೀಳ್ತಾಳ. ಹತ್ತಕ್ಕ ನಾಕು.’ ಹನ್ನೊಂದನೆಯದಕ್ಕೆ, ‘ಇದ್ರಾಗೂ ಅವ್ವ ಸತ್ತಾಳ. ಬರಿಯಾವ್ರಿಗೆ ಅವ್ವಂದಿರ ಮ್ಯಾಲ ಏನ್ ಸಿಟ್ಟೈತೋ. ಅವ್ವ ಜೀವಂತ ಇದ್ರ ಕತಿ ಮುಂದ ಹೋಗಂಗಿಲ್ಲೇನು?’ ಇಪ್ಪತ್ತನೆಯದಕ್ಕೆ, ‘ಲೋಕಾ ಉಳಸೂ ಹುಡುಗಿಗೆ ಪರೀಕ್ಷಿ ಇರಂಗಿಲ್ಲೇನು?’ ಇಷ್ಟು ಸಲೀಸಾಗಿ, ಇಷ್ಟು ನಿರ್ಭಯವಾಗಿ, ಕಾಲ ಮೇಲೆ ಕಾಲು ಹಾಕಿಕೊಂಡು ಬರೆದ ಹಾಗೆ ಬರೆದಿದ್ದೀರಿ. ನಾನು ಈ ಊರಿನ ಮೊದಲ ಓದುಗಿ. ಐವತ್ತೆಂಟು ವರ್ಷ ವಯಸ್ಸು. ಅಭಿಪ್ರಾಯ ಹೇಳುವುದೇ ನನ್ನ ಕೆಲಸ. ಆದರೂ ಅಂಥ ಒಂದು ವಾಕ್ಯ ನನ್ನಿಂದ ಹೊರಟಿಲ್ಲ.

ನನ್ನ ಕೆಲಸ ನಿಮಗೆ ತಿಳಿಯಬೇಕಾದರೆ ನಮ್ಮ ಹಾಳೆಯ ವಿಷಯ ತಿಳಿಯಬೇಕು. ಇಲ್ಲಿ ಮರದ ಕಾಗದ ಇಲ್ಲ. ಸವೆದ ಸೀರೆ, ಧೋತರಗಳನ್ನು ಅರೆದು ಮಾಡಿದ ತೊಳೆಹಾಳೆಯ ಮೇಲೆ ಬರೆಯುತ್ತೇವೆ. ಅದರ ಶಾಯಿ ನೀರಿಗೆ ಬಿಡುತ್ತದೆ, ಹಾಳೆ ಮತ್ತೆ ಬಿಳಿಯಾಗುತ್ತದೆ. ಹದಿನೈದು ತುಂಬಿದ ಮೇಲೆ ಯಾರು ಬೇಕಾದರೂ ನಿಮ್ಮ ನೋಟ್‌ಬುಕ್ಕಿನಿಂದ ಒಂದು ಸಂಖ್ಯೆ ಆರಿಸಿಕೊಂಡು, ನಿಮ್ಮ ಅಭಿಪ್ರಾಯದಿಂದ ಆ ಕಾದಂಬರಿಯನ್ನು ಮತ್ತೆ ಕಟ್ಟಬಹುದು. ಅದಕ್ಕೆ ಮರುಗಟ್ಟು ಎನ್ನುತ್ತೇವೆ. ಮುಗಿದ ಮರುಗಟ್ಟನ್ನು ಮೊದಲ ಓದುಗಿ ಓದಿ ಒಂದು ಪುಟ ಅಭಿಪ್ರಾಯ ಬರೆಯುತ್ತಾಳೆ. ಬಿಸಿಲೇರುವ ಮೊದಲು ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದುತ್ತಾರೆ. ಚೆನ್ನಾಗಿದೆ ಎಂದರೆ ಹೊಂಡದ ಪಕ್ಕದ ಮನೆಯವರು ಕಾಡಿಗೆ ಶಾಯಿಯಲ್ಲಿ ನಕಲು ತೆಗೆಯುತ್ತಾರೆ, ಆ ಶಾಯಿ ಹೋಗುವುದಿಲ್ಲ. ಚೆನ್ನಾಗಿಲ್ಲ ಎಂದರೆ ಬರೆದವರೇ ಹೊಂಡಕ್ಕೆ ಹೋಗಿ ಹಾಳೆಗಳನ್ನು ತೊಳೆಯಬೇಕು. ಹಾಳೆಯ ಒಂದು ತುದಿ ಬರೆದವರ ಕೈಯಲ್ಲಿ, ಇನ್ನೊಂದು ಮೊದಲ ಓದುಗಿಯ ಕೈಯಲ್ಲಿ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಈ ವರ್ಷದ ಮರುಗಟ್ಟುಗಳ ಬಗ್ಗೆ ಹೇಳುತ್ತೇನೆ, ನಿಮಗೆ ಖುಷಿಯಾಗಬಹುದು. ಹನ್ನೊಂದು ಬಂದವು, ಒಂದನ್ನು ಬಿಟ್ಟು ಎಲ್ಲದರಲ್ಲೂ ಬಾಗಿಲು ಇದೆ. ಬಾಗಿಲು ಈಗಿನ ಹುಡುಗರ ಹುಚ್ಚು. ನಮ್ಮ ಮನೆಗಳಿಗೆ ಬಾಗಿಲಿಲ್ಲ. ಗುಡ್ಡದಿಂದ ಇಳಿದ ಗಾಳಿ ಮೊದಲ ಮನೆಯಿಂದ ನಲವತ್ತನೆಯ ಮನೆಯ ತನಕ ನೇರವಾಗಿ ಹಾಯಬೇಕು. ಅದು ಗಾಳಿಹಾದಿ. ನಡುವೆ ಒಬ್ಬರು ಬಾಗಿಲು ಹಾಕಿಕೊಂಡರೆ ಹಿಂದಿನವರೆಲ್ಲ ಸೆಖೆಯಲ್ಲಿ ಬೆಂದುಹೋಗುತ್ತಾರೆ. ಆದ್ದರಿಂದ ಬಾಗಿಲನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಒಂದು ಕಾದಂಬರಿಯಲ್ಲಿ ಬಾಗಿಲು ಗಡಿಗೆಯ ಮುಚ್ಚಳದ ಹಾಗೆ ಮೇಲಕ್ಕೆ ಏಳುತ್ತದೆ. ಇನ್ನೊಂದರಲ್ಲಿ ನಾಯಕಿ ಸಿಟ್ಟಿನಲ್ಲಿ ಬಾಗಿಲನ್ನು ಕಂಕುಳಲ್ಲಿ ಇಟ್ಟುಕೊಂಡೇ ಮನೆ ಬಿಟ್ಟು ಹೋಗುತ್ತಾಳೆ. ನಕ್ಕು ನಕ್ಕು ಸಾಕಾಯಿತು, ಆಮೇಲೆ ಸಿಟ್ಟು ಬಂತು, ಆ ಸಿಟ್ಟು ನಿಮ್ಮ ಮೇಲೆ. ಬಡಿಯಲು ಒಂದು ಬಾಗಿಲಿತ್ತು ನಿಮಗೆ. ಒಳಗೆ ಕೂತು ಅಳಲು ಒಂದು ಕೋಣೆ ಇತ್ತು. ಅಪ್ಪ ಓದಬಾರದು ಎಂದು ಬರೆದರೆ ಅಪ್ಪ ಓದದೆ ಇರುವ ಸಾಧ್ಯತೆಯಾದರೂ ಇತ್ತು. ನಾನು ಹದಿನೇಳರಲ್ಲಿ ಅತ್ತದ್ದನ್ನು ನಲವತ್ತು ಮನೆ ಕೇಳಿಸಿಕೊಂಡವು, ಮಾರನೆಯ ದಿನ ನಲವತ್ತು ಮನೆಯವರೂ ಸಮಾಧಾನ ಹೇಳಿದರು.

ಇನ್ನು ಮೂವತ್ತೇಳನೆಯ ಪುಸ್ತಕದ ವಿಷಯ. ಮೂವತ್ತಾರು ಪುಸ್ತಕಗಳನ್ನು ಹಿಂಡಿ ಹಿಪ್ಪೆ ಮಾಡಿದ ನೀವು ಕೊನೆಯದರ ಬಗ್ಗೆ ಹೆಸರು ಸಹ ಬರೆಯಲಿಲ್ಲ. ಸಂಖ್ಯೆ ಹಾಕಿ ಇಷ್ಟೇ ಬರೆದಿರಿ. ‘ಇದ್ರ ಬಗ್ಗೆ ನಾ ಏನೂ ಬರಿಯಂಗಿಲ್ಲ. ಇದು ನಂದು.’ ಅಂಕ ಇಲ್ಲ. ಕೆಳಗೆ ಅರ್ಧ ಪುಟ ಖಾಲಿ, ಅಲ್ಲಿಗೆ ನೋಟ್‌ಬುಕ್ಕು ಮುಗಿಯುತ್ತದೆ. ನಿಮಗೆ ನಿಜವಾಗಿ ಇಷ್ಟವಾದ ಪುಸ್ತಕ ಅದೊಂದೇ, ಅದನ್ನೇ ಬಚ್ಚಿಟ್ಟಿರಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಮೂವತ್ತೇಳನ್ನು ಆರಿಸಿಕೊಂಡೆ. ಎರಡು ವರ್ಷ ಬರೆದೆ. ಆಗಿನ ಮೊದಲ ಓದುಗ ಗುರುಸಿದ್ಧಜ್ಜ. ಅವರು ಒಂದು ಪುಟ ತುಂಬಾ ಬರೆಯಲಿಲ್ಲ, ಹೊಂಡದ ಮೆಟ್ಟಿಲ ಮೇಲೆ ಹಾಳೆಯ ತುದಿ ಹಿಡಿದು ಹೇಳಿದರು. ‘ತಂಗಿ, ಆ ನೋಟ್‌ಬುಕ್ಕಿನ ಹುಡುಗಿಗೆ ಹೆಂಗರೆ ಮಾಡಿ ಇದು ಸೇರ್ಲಿ ಅಂತ ಬರ್ದೀ. ಆಕಿ ಅಂಥಾವನ್ನೆಲ್ಲಾ ಹತ್ತಕ್ಕ ಮೂರು ಕೊಟ್ಟು ಒಗದಾಳ ನೋಡು.’ ಅವರು ಹೇಳಿದ್ದು ಸರಿ. ಮುನ್ನೂರ ಹದಿನಾಲ್ಕು ಹಾಳೆ ತೊಳೆದೆ. ಆಮೇಲೆ ನಾನು ಏನೂ ಬರೆಯಲಿಲ್ಲ, ಓದುಗಿಯಾದೆ.

ಈ ಸಲ ಮೂವತ್ತೇಳನ್ನು ಆರಿಸಿಕೊಂಡವಳು ಕಸ್ತೂರಿ ಗಾಣಿಗೇರ. ಗುಡ್ಡದ ಮೇಲೆ ಗಾಳಿಕಂಬಗಳ ಅಚ್ಚಿಗೆ ಎಣ್ಣೆ ಹಾಕುವ ಮನೆತನದ ಹುಡುಗಿ. ಹೋದ ವರ್ಷ ಹದಿನೈದು ತುಂಬಿತು. ಅವಳ ಹಾಳೆಗಳ ಅಂಚಿನಲ್ಲೆಲ್ಲ ಎಣ್ಣೆಯ ಬೆರಳಚ್ಚು. ಅದರಲ್ಲಿ ಒಬ್ಬ ಹುಡುಗಿ ಇದ್ದಾಳೆ, ಅವ್ವ ಜೀವಂತ ಇದ್ದಾಳೆ, ಪರೀಕ್ಷೆಯೂ ಇದೆ. ಬಾಗಿಲಿಲ್ಲ. ಹುಡುಗಿಗೆ ಒಂದು ಪುಸ್ತಕ ಸಿಗುತ್ತದೆ. ಅದನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟುಕೊಂಡು, ರೊಟ್ಟಿ ಬಡಿಯುವ ಸದ್ದಿನ ಮರೆಯಲ್ಲಿ ದಿನಕ್ಕೆ ಎರಡೆರಡು ಪುಟ ಓದುತ್ತಾಳೆ. ಆ ಪುಸ್ತಕದಲ್ಲಿ ಏನಿದೆ ಎಂದು ಕಸ್ತೂರಿ ಕೊನೆಯ ತನಕ ಹೇಳುವುದೇ ಇಲ್ಲ. ಅವ್ವ ಒಂದು ದಿನ ಡಬ್ಬಿ ಸರಿಸುತ್ತಾಳೆ, ನೋಡುತ್ತಾಳೆ, ಮತ್ತೆ ಅಲ್ಲೇ ಇಟ್ಟು, ಮಾರನೆಯ ದಿನದಿಂದ ರೊಟ್ಟಿಯನ್ನು ಸ್ವಲ್ಪ ಜೋರಾಗಿ ಬಡಿಯುತ್ತಾಳೆ. ಅಷ್ಟೇ ಕತೆ. ನಾನು ಊಟದ ಪಾಳಿ ತಪ್ಪಿಸಿಕೊಂಡು ಒಂದೇ ಕೂತಿನಲ್ಲಿ ಓದಿದೆ. ಮುಗಿಸಿದಾಗ ಕಣ್ಣು ತುಂಬಿತ್ತು, ಹೊಟ್ಟೆ ಉರಿಯುತ್ತಿತ್ತು. ನಲವತ್ತು ವರ್ಷ ನಾನು ನಿಮ್ಮ ಬೀಗಕ್ಕೆ ಕೀಲಿ ಹುಡುಕಿದೆ. ಆ ಕೂಸು ಬೀಗವನ್ನೇ ಕತೆ ಮಾಡಿಬಿಟ್ಟಿದೆ.

ಆ ದಿನವೇ ಅಭಿಪ್ರಾಯ ಬರೆದೆ. ಭಾಷೆ ಎಳಸು, ಘಟನೆಗಳಿಲ್ಲ, ಮೂಲ ಕಾದಂಬರಿ ಖಂಡಿತ ಹೀಗಿರಲಿಲ್ಲ ಎಂದು ಒಂದು ಪುಟ ತುಂಬಿಸಿದೆ. ಒಳ್ಳೆಯ ಗದ್ಯ. ನನ್ನ ಜನ್ಮದಲ್ಲಿ ಬರೆದ ಅತ್ಯುತ್ತಮ ಗದ್ಯ ಅದೇ ಇರಬೇಕು. ಸಭೆಗೆ ಇನ್ನು ಮೂರು ದಿನ. ಆದ್ದರಿಂದ ಈ ಹಿನ್ನೋಲೆ. ಮೊದಲ ಓದುಗಿಗೆ ಆಯುಷ್ಯದಲ್ಲಿ ಒಂದು ಸಲ ಹಿಂದಿನವರಿಗೆ ಪತ್ರ ಬರೆದು ಅವರದೇ ಪುಸ್ತಕದ ನಡುವೆ ಇಡುವ ಹಕ್ಕಿದೆ. ಅದು ತಲುಪುತ್ತದೆಂದು ಕೆಲವರು ನಂಬುತ್ತಾರೆ. ನಾನು ಈ ವಾರದಿಂದ ನಂಬುತ್ತಿದ್ದೇನೆ. ನನ್ನ ಬೇಡಿಕೆ ಒಂದೇ. ಆ ಖಾಲಿ ಅರ್ಧ ಪುಟದಲ್ಲಿ ಮೂವತ್ತೇಳನೆಯ ಪುಸ್ತಕದ ಹೆಸರು ಬರೆಯಿರಿ. ಎರಡು ಸಾಲು ಕತೆಯನ್ನೂ ಬರೆಯಿರಿ. ಇದು ಅದಲ್ಲ ಎಂದು ನಾನು ಸಭೆಗೆ ತೋರಿಸಬೇಕು. ನೀವು ಬರೆದರೆ ಅದು ನೂರ ಅರವತ್ತು ವರ್ಷಗಳಿಂದ ಅಲ್ಲೇ ಇದ್ದಂತೆ ಆಗುತ್ತದೆ, ನಾನು ಪುಟ ತಿರುಗಿಸಿದರೆ ಸಾಕು.

ನಲವತ್ತನೆಯ ದಿನ.

ಪತ್ರವನ್ನು ಇಟ್ಟು, ಐದು ಸಲ ಪುಟ ತಿರುಗಿಸಿ ನೋಡಿದೆ. ಖಾಲಿ. ಪತ್ರ ತಲುಪಿಲ್ಲ ಎಂದು ಬೇರೆಯವರು ಅಂದಾರು. ನಾನು ನಿಮ್ಮನ್ನು ಬಲ್ಲೆ. ನೀವು ಓದಿಯೂ ಬರೆಯದೆ ಇರುವವರು.

ಈಗ ಹೊರತೆಗೆದು ಮುಂದುವರಿಸುತ್ತಿದ್ದೇನೆ. ನಿನ್ನೆ ಬೆಳಿಗ್ಗೆ ಕಸ್ತೂರಿ ಬಂದಿದ್ದಳು. ಸಭೆಯ ಮೊದಲು ಬರೆದವರು ಓದುಗಿಯನ್ನು ಏನೂ ಕೇಳಬಾರದು, ಆದ್ದರಿಂದ ನಮ್ಮ ಚಕ್ಕಡಿಯ ಅಚ್ಚಿಗೆ ಎಣ್ಣೆ ಹಾಕುವ ನೆಪ ಮಾಡಿಕೊಂಡಿದ್ದಳು. ಹಾಕಿ ಮುಗಿಸಿ, ಹೊಸ್ತಿಲ ಬಳಿ ನಿಂತು, ನನ್ನ ಮುಖ ನೋಡದೆ ಹೇಳಿದಳು. ‘ಅಜ್ಜಿ, ನಾ ಏನೂ ಕೇಳಾಕತ್ತಿಲ್ಲ. ಚೊಲೋ ಇಲ್ಲಂದ್ರ ಚೊಲೋ ಇಲ್ಲಂತ ಬರೀರಿ. ಖರೇ ಬರೀರಿ ಅಷ್ಟ. ಮತ್ತ ಸಭಾದಾಗ ನಂದು ಮೊದ್ಲ ಓದ್ಸಿಬಿಡ್ರಿ, ಬಿಸಿಲ್ ಏರಿದ್ರ ಹೊಂಡದ ನೀರು ಕೈ ಸುಡ್ತಾವು.’ ತೊಳೆಯಲು ಆಗಲೇ ಸಿದ್ಧಳಾಗಿ ಬಂದಿದ್ದಳು, ದಾಕ್ಷಾಯಣಿಯವರೇ. ಅದು ಚೆನ್ನಾಗಿದೆ ಎಂಬುದೇ ಅವಳಿಗೆ ಗೊತ್ತಿಲ್ಲ. ಅದಕ್ಕೂ ನನಗೆ ಅಸೂಯೆಯಾಯಿತು. ನನ್ನದು ಚೆನ್ನಾಗಿದೆ ಎಂದು ನಾನು ಆಗ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಹೊಂಡಕ್ಕೆ ಬಾ ಎಂದೆ. ಅವಳು ಹಿಂದೆ ಬಂದಳು. ತನ್ನ ಕಾದಂಬರಿಯನ್ನೇ ತೊಳೆಸಲು ಕರೆದೊಯ್ಯುತ್ತಿದ್ದೇನೆ ಎಂದುಕೊಂಡಿರಬೇಕು, ದಾರಿಯುದ್ದಕ್ಕೂ ಎಣ್ಣೆ ಕೈಯನ್ನು ಲಂಗಕ್ಕೆ ಒರೆಸುತ್ತಲೇ ಇದ್ದಳು. ಮೆಟ್ಟಿಲಿಳಿದು ಒಂದೇ ಒಂದು ಹಾಳೆ ತೆಗೆದೆ, ನಾನು ಬರೆದ ಅಭಿಪ್ರಾಯ. ಒಂದು ತುದಿಯನ್ನು ಅವಳಿಗೆ ಕೊಟ್ಟು ಹಿಡಿ ಎಂದೆ. ಅಕ್ಷರ ತನ್ನದಲ್ಲ ಎಂದು ಅವಳಿಗೆ ತಕ್ಷಣ ತಿಳಿಯಿತು. ಓದಬಹುದಿತ್ತು, ಓದಲಿಲ್ಲ, ಪದ್ಧತಿಯಂತೆ ಮುಖ ತಿರುಗಿಸಿದಳು. ನನ್ನ ಅತ್ಯುತ್ತಮ ಗದ್ಯ ನೀಲಿಯಾಗಿ ನೀರಿಗಿಳಿಯಿತು. ಹಾಳೆ ಒಣಗುವ ತನಕ ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದೆವು. ‘ಇದ್ ಯಾರ್ದು ಅಜ್ಜಿ?’ ಎಂದಳು. ‘ನಂದು. ಚೊಲೋ ಇರ್ಲಿಲ್ಲ’ ಎಂದೆ.

ಅದೇ ಹಾಳೆಯ ಮೇಲೆ ಇವತ್ತು ಹೊಸ ಅಭಿಪ್ರಾಯ ಬರೆದಿದ್ದೇನೆ. ಎರಡೇ ವಾಕ್ಯ. ಮೊದಲನೆಯದು ನಿಮ್ಮದು, ಕದ್ದದ್ದಲ್ಲ, ಬೇಡಿ ತಂದದ್ದು ಎಂದುಕೊಳ್ಳಿ. ‘ಇದರ ಬಗ್ಗೆ ನಾನು ಏನೂ ಬರೆಯುವುದಿಲ್ಲ.’ ಈ ಊರಿನಲ್ಲಿ ಆ ವಾಕ್ಯ ತಿಳಿಯದವರಿಲ್ಲ, ಅದಕ್ಕಿಂತ ದೊಡ್ಡ ಮೆಚ್ಚುಗೆಯೂ ಇಲ್ಲ. ಅದರ ಮುಂದೆ ಯಾವ ಮಾತು ಬರಬೇಕೆಂಬುದೂ ಎಲ್ಲರಿಗೂ ಗೊತ್ತು. ಅಷ್ಟು ಕೇಳಿದ ಕೂಡಲೇ ನಕಲಿನ ಮನೆಯವರು ಕಾಡಿಗೆ ಅರೆಯಲು ಏಳುತ್ತಾರೆ. ಎರಡನೆಯ ವಾಕ್ಯಕ್ಕೆ ಬಹಳ ಹೊತ್ತು ಹಿಡಿಯಿತು. ನಿಮ್ಮ ಹಾಗೆಯೇ ಬರೆಯಬೇಕೆಂದು ಕೈ ಜಗ್ಗುತ್ತಿತ್ತು. ಕಸ್ತೂರಿ ಖರೇ ಬರೀರಿ ಎಂದಿದ್ದಳು. ‘ಇದು ನನ್ನದಲ್ಲ’ ಎಂದು ಬರೆದೆ.

ಆದ್ದರಿಂದ ಮೇಲಿನ ಬೇಡಿಕೆಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಹೆಸರು ಬರೆಯಬೇಡಿ. ಆ ಅರ್ಧ ಪುಟ ಖಾಲಿಯೇ ಇರಲಿ, ಯಾರು ಬೇಡಿದರೂ ಕೊಡಬೇಡಿ. ನಾಳೆ ಬೆಳಿಗ್ಗೆ ಕಸ್ತೂರಿಯದನ್ನೇ ಮೊದಲು ಓದಿಸುತ್ತೇನೆ, ಅವಳು ಕೇಳಿಕೊಂಡ ಹಾಗೆ. ನೀರು ತಣ್ಣಗಿರುತ್ತದೆ, ಅವಳು ಅದರಲ್ಲಿ ಕೈ ಅದ್ದಬೇಕಾಗಿಲ್ಲ. ಸಭೆಯೆಲ್ಲ ಅವಳ ಕಡೆ ತಿರುಗಿ ನೋಡುವಾಗ ಒಬ್ಬಳು ಮಾತ್ರ ನೆಲ ನೋಡುತ್ತಾ ನಿಂತಿರುತ್ತಾಳೆ. ಅದು ನಾನು.

ನಿಮ್ಮ ಓದುಗಿ,
ಚೆನ್ನಾಂಬಿಕೆ ಕಲಕೇರಿ