ಹನ್ನೊಂದು ನಿಮಿಷ, ಒಂದೂವರೆ ಮೊಳ

ಸೋಮವಾರ, ಮಧ್ಯಾಹ್ನ

ಕಟ್ಟಿರುವೆಗೆ,

ನಿನ್ನ ಸೋದರಮಾವನ ಆಶೀರ್ವಾದಗಳು. ಆಶೀರ್ವಾದ ಈ ಸಾಲಿಗೇ ಮುಗಿಯಿತು. ಮುಂದಿನದೆಲ್ಲ ಬೈಗುಳ. ಕೂತುಕೊಂಡು ಓದು, ನಿಂತು ಓದಿದರೆ ಅರ್ಧಕ್ಕೇ ಬಿಟ್ಟುಹೋಗುವ ಬುದ್ಧಿ ನಿನ್ನದು.

ನಾನೀಗ ಹೇಳುವ ಕಥೆಯನ್ನು ಮೊದಲು ಹೇಳಿದವನು ನಾನಲ್ಲ. ನಿನ್ನೆ ಭಾನುವಾರ, ಊಟದ ಹೊತ್ತು ಕಳೆದ ಮೇಲೆ, ಹೊಲಿಗೆ ಅಕ್ಕನ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿಗೆ ಒರಗಿ ಕೂತು ಹೇಳಿದವನು ಗುಡುಗು. ಹೌದು, ಅದೇ ಗುಡುಗು. ನಿನ್ನ ಪಟ್ಟಿಯಲ್ಲಿ ಎಲ್ಲರ ತಲೆಯ ಮೇಲೆ ಕೂರಿಸಿದ್ದೀಯಲ್ಲ, ಆ ಒಂದನೇ ನಂಬರಿನವನು. ಕೇಳಿದವರು ಇಬ್ಬರೇ: ನಮ್ಮೆಲ್ಲರ ಚಡ್ಡಿ, ಮುಸುಕು ಹೊಲಿದೂ ಹೊಲಿದೂ ಕಣ್ಣು ಮಂಜಾಗಿಸಿಕೊಂಡ ಹೊಲಿಗೆ ಅಕ್ಕ, ಮತ್ತು ನಾನು.

ಕಥೆಗೆ ಆಮೇಲೆ ಬರುತ್ತೇನೆ. ಮೊದಲು ನಿನ್ನ ಪಟ್ಟಿ.

ನಾಲ್ಕು ಕಾಲ, ನೂರು ಪೈಲ್ವಾನರು, ನೂರು ಪಂದ್ಯ! ಪತ್ರಿಕೆಯಲ್ಲಿ ಎಂಟು ವಾರ ಬಂದದ್ದು ಸಾಲದೆಂದು ಈಗ ಪುಸ್ತಕ ಬೇರೆ. ಮುಂದಿನ ಸೋಮವಾರ ಅಚ್ಚಿಗಂತೆ. ಟೆಂಟಿನ ಕಾಲ, ಸಭಾಂಗಣದ ಕಾಲ, ಟಿವಿ ಕಾಲ, ಈಗಿನ ಕಾಲ ಎಂದು ಗೆರೆ ಎಳೆದು, ವೇಗಕ್ಕೆ ಇಷ್ಟು, ಬಲಕ್ಕೆ ಇಷ್ಟು, ಜನರ ಕೂಗಿಗೆ ಇಷ್ಟು ಎಂದು ಅಂಕ ಹಂಚಿದ್ದೀಯ. ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗಿದೆನೆಂದು ಹೇಳಿಕೊಂಡವಳು ಲೋಕದಲ್ಲಿ ನೀನೊಬ್ಬಳೇ.

ಟೆಂಟಿನ ಕಾಲದವರು ನಿಧಾನ ಅಂತೀಯ. ನಿಧಾನವಲ್ಲದೆ ಇನ್ನೇನಮ್ಮ? ಹಲಗೆ, ಹಲಗೆಯ ಮೇಲೆ ಮರದ ಪುಡಿ, ಅದರ ಮೇಲೊಂದು ಟಾರ್ಪಾಲು. ಇಷ್ಟೇ ರಿಂಗು. ಬಿದ್ದರೆ ಬಿದ್ದದ್ದೇ. ಈಗಿನ ರಿಂಗಿನ ಕೆಳಗೆ ಸ್ಪ್ರಿಂಗ್ ಇದೆ. ಅದರ ಮೇಲೆ ನಾನೂ ಎಗರಬಲ್ಲೆ, ಈ ಮಂಡಿ ಇಟ್ಟುಕೊಂಡು. ಆಗಿನವರು ಕೈ ಬೀಸಿದರೆ ಅತಿಯಾಯಿತು, ನಾಟಕ ಅಂತೀಯ. ಕಟ್ಟಕಡೆಯ ಬೆಂಚಿನ ಮೇಲೆ ಕೂತ ಮುದುಕಿಗೂ ಆ ಏಟು ಕಾಣಬೇಕಿತ್ತು. ಅವಳ ಮೂಗಿನ ಮುಂದೆ ಕ್ಯಾಮೆರಾ ಹಿಡಿಯುವವರು ಯಾರೂ ಇರಲಿಲ್ಲ.

ಇರಲಿ. ಅದನ್ನೆಲ್ಲ ನುಂಗಿಕೊಂಡೆ. ನುಂಗಲಾಗದ್ದು ಕೊನೆಯ ವಾರದ ಪುಟ. ನೂರನೆಯ ಪಂದ್ಯ: ಗುಡುಗು ಮತ್ತು ಕರಿಮುಸುಕು, ಸಭಾಂಗಣದ ಕಾಲ, ಹತ್ತಕ್ಕೆ ಎರಡು. ಕೆಳಗೆ ನಿನ್ನ ಚಂದದ ಸಾಲು: "ಹನ್ನೊಂದು ನಿಮಿಷ ಏನೂ ನಡೆಯುವುದಿಲ್ಲ. ತುಂಬಿದ ಸಭೆಯ ಎದುರು ಒಬ್ಬ ದಪ್ಪ ಮನುಷ್ಯ ಇನ್ನೊಬ್ಬನ ಕತ್ತು ಹಿಡಿದು ಮಲಗಿರುತ್ತಾನೆ." ಅದರ ಕೆಳಗೆ ಇನ್ನೊಂದು: "ಹತ್ತಿರದಿಂದ ನೋಡಿದವರೊಬ್ಬರ ಮಾತಿನಲ್ಲಿ, ಮೂಟೆ ಬಿದ್ದ ಹಾಗೆ ಬಿದ್ದಿದ್ದ." ಆ ಹತ್ತಿರದವನು ಯಾರೆಂದು ನಿನಗೂ ಗೊತ್ತು, ನನಗೂ ಗೊತ್ತು. ಅವನಿಗೂ ಇದೆ, ಕೊನೆಗೆ.

ಆ ದಪ್ಪ ಮನುಷ್ಯ ನಿನ್ನ ಅಪ್ಪ, ಕಟ್ಟಿರುವೆ. ಮುಸುಕಿನೊಳಗೆ ಯಾರಿದ್ದನೆಂದು ಗೊತ್ತಿದ್ದೂ ಬರೆದೆಯಲ್ಲ? ಅಪ್ಪನೆಂದು ಅಂಕ ಹೆಚ್ಚು ಕೊಡಲಿಲ್ಲ ಎಂಬ ಜಂಬ ಬೇರೆ ಮೊದಲ ವಾರದ ಮುನ್ನುಡಿಯಲ್ಲಿ. ನ್ಯಾಯದ ಹುಚ್ಚು ಹಿಡಿದವಳಿಗೆ ಅಪ್ಪನೇ ಮೊದಲ ಅಪರಾಧಿ!

ನಿನ್ನ ಅಪ್ಪ ಏನು ಮಾಡಿದ ಗೊತ್ತೇ? ಭಾವನ ಕುರ್ಚಿ ಅಂಗಡಿ ನೀನು ಕಂಡದ್ದೇ. ಒಂದು ಕಾಲಕ್ಕೆ ರಿಂಗಿನಲ್ಲಿ ಕುರ್ಚಿಗಳೆಲ್ಲ ಸೇರಿ ಅವನ ಬೆನ್ನು ಮುರಿದವು, ಈಗ ಅವನು ಕೂತು ಕುರ್ಚಿಗಳ ಬೆನ್ನು ಹೆಣೆದುಕೊಡುತ್ತಾನೆ. ಪತ್ರಿಕೆಯ ಆ ಪುಟವನ್ನು ಕತ್ತರಿಸಿ, ನಾಲ್ಕು ಮೊಳೆ ಹೊಡೆದು ಅಂಗಡಿಯ ಗೋಡೆಗೆ ಹಾಕಿದ್ದಾನೆ. ಇದೇನು ಭಾವ ಎಂದು ಕೇಳಿದೆ. "ಮಗಳು ಸರಿಯಾಗೇ ಬರ್ದಿದ್ದಾಳೆ ಬಿಡೋ. ನೋಡೋರಿಗೆ ಬೇಜಾರಾಗಿತ್ತು, ನಿಜ ತಾನೇ?" ಅಂದ. ನನ್ನ ಅಕ್ಕ, ನಿನ್ನ ಅಮ್ಮ, ಒಳಗಿನಿಂದಲೇ ಅಂದಳು: "ಅವಳು ಹೊಗಳಿದ್ರೆ ಮಡಚಿ ಪೆಟ್ಟಿಗೇಲಿ ಇಡ್ತಿದ್ರು. ಬೈದಿದ್ದಾಳೆ ಅಂತ ಗೋಡೆಗೆ ಹಾಕಿದ್ದಾರೆ. ಇವರು ರಿಂಗಲ್ಲಿ ಖಳನಾಗಿದ್ದು ಸಾಕಾಗಿಲ್ಲ ಇನ್ನೂ."

ಈಗ ಕಥೆ. ಹೂಂಗುಟ್ಟುತ್ತಾ ಓದು.

ಮೂವತ್ತೆಂಟು ವರ್ಷದ ಹಿಂದೆ. ನಿನಗಾಗ ನಾಲ್ಕೇ ಹಲ್ಲು. ಆ ನಾಲ್ಕರಲ್ಲಿಯೇ ಪೈಲ್ವಾನರ ಬೆರಳು ಕಚ್ಚಿ ಈ ಹೆಸರು ಗಳಿಸಿದ್ದೆ. ದೊಡ್ಡ ಸಭಾಂಗಣ, ಎರಡು ಸಾವಿರ ಜನ. ನಮ್ಮ ಆಟದಲ್ಲಿ ಗೆಲುವು ಸೋಲು ಮೊದಲೇ ನಿಶ್ಚಯ, ಅದು ನಿನಗೂ ಗೊತ್ತು. ಬೀಳುವುದು ಮಾತ್ರ ಯಾರ ಕಾಲದಲ್ಲೂ ಸುಳ್ಳಲ್ಲ. ಇಪ್ಪತ್ತೈದು ನಿಮಿಷದ ಪಂದ್ಯ, ಕೊನೆಗೆ ಗುಡುಗು ಕಂಬದ ಮೇಲಿಂದ ಎರಗಿ ಗೆಲ್ಲಬೇಕು. ಹಾಗೆ ಗೊತ್ತುಮಾಡಿದ್ದರು.

ನಾಲ್ಕನೆಯ ನಿಮಿಷದಲ್ಲಿ ಗುಡುಗು ಹಗ್ಗದಿಂದ ಚಿಮ್ಮಿ ಬಂದ. ಕಾಲು ಜಾರಿತು. ತಲೆ ರಿಂಗಿನ ಅಂಚಿಗೆ ಬಡಿಯಿತು. ಅರ್ಧ ದೇಹ ಕೆಳಗಿನ ಹಗ್ಗದ ಆಚೆ, ಅರ್ಧ ಈಚೆ. ನಿನ್ನೆ ಅವನೇ ಹೇಳಿದ: "ಕತ್ತಿಂದ ಕೆಳಗೆ ಏನೂ ಇರ್ಲಿಲ್ಲ ಕಣ್ರೋ. ಕೈ ಎಲ್ಲಿದೆ ಅಂತ ಕಣ್ಣಿಂದ ಹುಡುಕ್ದೆ. ಯಾರದೋ ಕೈ ಬಿದ್ದಿದ್ದ ಹಾಗೆ ಪಕ್ಕದಲ್ಲಿ ಬಿದ್ದಿತ್ತು."

ಭಾವ ಒಂದು ಉಸಿರಿನಲ್ಲಿ ಅವನ ಪಕ್ಕ ಮಲಗಿದ. ಎರಡು ಮುಂಗೈಗಳ ನಡುವೆ ಅವನ ತಲೆಯನ್ನು ಹಿಡಿದ. ನೋಡಿದವರಿಗೆ ಕತ್ತುಪಟ್ಟು. ಹಿಡಿದದ್ದು ಬಿರುಕು ಬಿಟ್ಟ ಮೊಟ್ಟೆ ಹಿಡಿದಂತೆ. ಕಿವಿಯಲ್ಲಿ ಹೇಳಿದನಂತೆ: "ಅಲ್ಲಾಡಬೇಡ. ನನಗೆ ಬೈತಾ ಇರು. ಬೈಗುಳ ನಿಂತ್ರೆ ನಂಗೆ ಭಯ ಆಗತ್ತೆ."

ಗುಡುಗು ಬೈದ. ಅಪ್ಪನಿಂದ ಹಿಡಿದು ಮುತ್ತಜ್ಜನವರೆಗೆ ಬೈದ. ನಾಲ್ಕೈದು ನಿಮಿಷಕ್ಕೆ ಗೊತ್ತಿದ್ದ ಬೈಗುಳವೆಲ್ಲ ಮುಗಿದು, ಮತ್ತೆ ಮೊದಲಿಂದ ಶುರುಮಾಡಿದನಂತೆ. "ಇದನ್ನ ಆಗ್ಲೇ ಬೈದೆ ಕಣೋ, ಹೊಸದು ಹೇಳು," ಅಂದನಂತೆ ನಿನ್ನ ಅಪ್ಪ.

ಪಂದ್ಯ ನಿಲ್ಲಿಸಬೇಕಾದವನು ರೆಫರಿ. ರೆಫರಿ ನಾನು. ನಾನು ನಿಲ್ಲಿಸಲಿಲ್ಲ. ಯಾಕೆಂದು ಕೇಳುತ್ತೀಯ, ತಾಳು.

ರೆಫರಿ ನಿಲ್ಲಿಸದಿದ್ದರೆ ಆಟ ಮುಗಿಯಲು ಇರುವುದು ಒಂದೇ ದಾರಿ: ಒಬ್ಬನ ಎರಡೂ ಭುಜ ನೆಲಕ್ಕೆ, ಮೂರು ಎಣಿಕೆ. ಆದರೆ ಯಾರ ಮೈಯಾದರೂ ಹಗ್ಗಕ್ಕೆ ತಾಗಿದ್ದರೆ ಎಣಿಕೆಯಿಲ್ಲ. ಅದು ಆಟದ ಕಾನೂನು. ಹಾಗಾಗಿ ಗುಡುಗುವನ್ನು ಹಗ್ಗದಿಂದ ಒಳಕ್ಕೆ ತರಬೇಕಿತ್ತು. ಒಂದೂವರೆ ಮೊಳ. ಕತ್ತು ಕೂದಲೆಳೆಯಷ್ಟೂ ಅಲುಗದಂತೆ. ಭಾವ ಹಿಮ್ಮಡಿ ಊರಿ, ಸೊಂಟದ ಮೇಲೆ ಜರುಗುತ್ತಾ, ತನ್ನ ಎದೆಯ ಮೇಲೆ ಅವನ ಭಾರ ತೆಗೆದುಕೊಂಡು ಬೆರಳಗಲ ಎಳೆದ. ನಿಂತ. ಬೈಗುಳ ಕೇಳಿದ. ಮತ್ತೆ ಬೆರಳಗಲ.

ಏನೂ ನಡೆಯದ ಹನ್ನೊಂದು ನಿಮಿಷ ಅದು, ಮೇಡಮ್ಮೋರೆ.

ಜನ ಸುಮ್ಮನಿದ್ದರೇ? "ಏಳೋ ಮೂಟೆ!" "ಹಾಸಿಗೆ ತಂದ್ಕೊಡ್ರೋ ಇವನಿಗೆ!" ಕಿತ್ತಳೆ ಸಿಪ್ಪೆ, ಕಾಗದದ ಲೋಟ, ಒಂದು ಚಪ್ಪಲಿ. ಚಪ್ಪಲಿ ಗುಡುಗುವಿನ ಮುಖದ ಕಡೆ ಬಂತು. ಭಾವ ತನ್ನ ತಲೆ ಅಡ್ಡ ಕೊಟ್ಟ. ಅದು ನೀನು ನೋಡಿ ಅಂಕ ಹಾಕಿದ ಟೇಪಿನಲ್ಲೇ ಕಾಣುತ್ತದೆ, ಹಾಕಿ ನೋಡು. "ಪೆದ್ದನಂತೆ ಚಪ್ಪಲಿಗೆ ತಲೆಯೊಡ್ಡುತ್ತಾನೆ" ಎಂದು ನೀನೇ ಬರೆದಿದ್ದೀಯ.

ಒಳಗೆ ಬಂದ ಮೇಲೆ ಭಾವ ಪಕ್ಕದಲ್ಲಿ ಅಂಗಾತ ಮಲಗಿ, ಗುಡುಗುವಿನ ಸತ್ತಂತಿದ್ದ ಕೈಯನ್ನೆತ್ತಿ ತನ್ನ ಎದೆಯ ಮೇಲೆ ತಾನೇ ಇಟ್ಟುಕೊಂಡ. ನಾನು ಮೂರು ಎಣಿಸಿದೆ. ಗುಡುಗು ಗೆದ್ದ.

ನಾಲ್ಕು ತಿಂಗಳಿಗೆ ಗುಡುಗುವಿನ ಕೈ ಬಂತು. ಗುಡುಗುವಿನ ಕತ್ತು ಮುರಿದವನು ಈ ಮೂಟೆ, ಹಿಡಿಯಲು ಬಾರದ ದಡ್ಡ ಎಂಬ ಸುದ್ದಿ ಭಾವನ ಹೆಗಲೇರಿತು. ಮತ್ತೆಂದೂ ಅವನಿಗೆ ದೊಡ್ಡ ಪಂದ್ಯ ಸಿಗಲಿಲ್ಲ. ಗುಡುಗು ಬಾಯಿ ಬಿಡಲಿಲ್ಲ. ಗೆದ್ದವನು ಹೇಗೆ ಗೆದ್ದೆನೆಂದು ಹೇಳಬಾರದು, ಅದು ನಮ್ಮ ಕಸುಬಿನ ನಿಯಮ. ನಿನ್ನೆ ಯಾಕೆ ಹೇಳಿದ? ನಿನ್ನ ಪಟ್ಟಿ ಓದಿ. "ಮೇಲೆ ನನ್ನ ಹೆಸರು ನೋಡಿ ಹಿಗ್ಗಿ ಹೀರೇಕಾಯಿ ಆಗಿದ್ದೆ. ಕೊನೇ ಪುಟ ಓದಿದ ಮೇಲೆ ಕೂತಲ್ಲಿಂದ ಏಳಕ್ಕಾಗ್ಲಿಲ್ಲ," ಅಂದ.

ನಿನ್ನ ಒಂದನೆಯ ಪಂದ್ಯ ಯಾವುದು? ಇದೇ ಗುಡುಗು ಮತ್ತು ಚೇಳು, ಟಿವಿ ಕಾಲ, ಹತ್ತಕ್ಕೆ ಒಂಬತ್ತೂವರೆ. ರಕ್ತ ಹರಿಯಿತು, ಜನ ಕುರ್ಚಿ ಹತ್ತಿ ಕುಣಿದರು. ಅಂದಿನಿಂದ ಸೋತ ಚೇಳು ತನ್ನ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಂಡಿಲ್ಲ. ಹೆಂಡತಿ ಹಾಕುತ್ತಾಳೆ. ಟೆಂಟಿನ ಕಾಲದಲ್ಲಿ ನಮ್ಮ ಯಜಮಾನನಿಗೆ ಅಳತೆ ಒಂದೇ ಇತ್ತು. ಪಂದ್ಯದ ಮರುದಿನ ಬೆಳಿಗ್ಗೆ ಚಹಾ ಲೋಟ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ. ಸೋತವನು ತನ್ನ ಬೂಟಿನ ದಾರ ತಾನೇ ಕಟ್ಟಿಕೊಂಡರೆ "ಒಳ್ಳೇ ಕುಸ್ತಿ" ಅನ್ನುತ್ತಿದ್ದ. ಇಲ್ಲದಿದ್ದರೆ, ಜನ ಎಷ್ಟೇ ಚಪ್ಪಾಳೆ ತಟ್ಟಿರಲಿ, ಗೆದ್ದವನಿಗೆ ಅವತ್ತು ಚಹಾ ಇಲ್ಲ. ಆ ಅಳತೆ ಯಾವ ಕಾಲಕ್ಕೂ ನಡೆಯುತ್ತದೆ. ನಿನ್ನ ನೂರು ಪಂದ್ಯಕ್ಕೂ ಹಿಡಿದು ನೋಡು. ನಾಲ್ಕು ತಿಂಗಳು ತಡವಾಗಿಯಾದರೂ ಗುಡುಗು ತನ್ನ ದಾರ ತಾನೇ ಕಟ್ಟಿಕೊಂಡದ್ದು ಯಾರಿಂದ ಎಂದು ಯೋಚಿಸಿ, ಆಮೇಲೆ ಅಪ್ಪನಿಗೆ ಎಷ್ಟು ಅಂಕ ಎಂದು ನನಗೆ ಹೇಳು.

ಇವತ್ತು ಬೆಳಿಗ್ಗೆ ಏನಾಯಿತೆಂದು ಹೇಳಿ ಮುಗಿಸುತ್ತೇನೆ. ಹೊಲಿಗೆ ಅಕ್ಕ ಎಂದೂ ಮುಚ್ಚದ ಅಂಗಡಿ ಮುಚ್ಚಿದಳು. ಪೆಟ್ಟಿಗೆಯ ತಳದಿಂದ ಆ ಕರಿ ಮುಸುಕು ತೆಗೆದು, ಚಪ್ಪಲಿ ತಾಗಿ ಹರಿದಿದ್ದ ಹೊಲಿಗೆಯನ್ನು, ಆ ಮಂಜುಗಣ್ಣಿನಲ್ಲೇ ಮತ್ತೆ ಹಾಕಿ, ತೆಗೆದುಕೊಂಡು ಹೋಗಿ ಭಾವನ ತೊಡೆಯ ಮೇಲಿಟ್ಟಳು. "ಅಲ್ಲಯ್ಯಾ, ಮೂವತ್ತೆಂಟು ವರ್ಷ ನಿನ್ನ ಬೈದ್ಕೊಂಡು ಓಡಾಡಿದೀನಿ. ಒಂದ್ಮಾತು ಹೇಳಕ್ಕೆ ಏನಾಗಿತ್ತು ರೋಗ?" ಅಂದಳಂತೆ. ಹೇಳಿದವನೂ ಮನೆಯಲ್ಲಿ ಕೂರಲಿಲ್ಲ. ಗುಡುಗು ತನ್ನ ಕುರ್ಚಿಯ ಚೆನ್ನಾಗಿದ್ದ ಹೆಣಿಗೆಯನ್ನು ತಾನೇ ಕತ್ತರಿಸಿ, ಹೆಣೆಸಲೆಂದು ಹೊತ್ತುಕೊಂಡು ಹೋಗಿ ಅಲ್ಲೇ ಕೂತಿದ್ದಾನೆ, ಇನ್ನೂ ಎದ್ದಿಲ್ಲ.

ಇಂತು,
ಸಿಟ್ಟು ಇಳಿಯದ
ನಿನ್ನ ಸೋದರಮಾವ

ತಾ.ಕ.: ಕಥೆ ಕೇಳಿದವರಲ್ಲಿ ನಾನೂ ಒಬ್ಬ, ಕೇಳಿ ನಾನೇನು ಮಾಡಿದೆನೆಂದು ಹೇಳಲಿಲ್ಲ. "ಮೂಟೆ ಬಿದ್ದ ಹಾಗೆ" ಎಂದು ನಿನಗೆ ಫೋನಿನಲ್ಲಿ ಹೇಳಿದವನು ನಾನು. ಹೆಸರು ಹಾಕದೆ ನನ್ನ ಮಾನ ಉಳಿಸಿದೆ, ಉಳಿಸಬಾರದಿತ್ತು. ನಮ್ಮಲ್ಲೊಂದು ಪದ್ಧತಿ ಇದೆ. ಬಿದ್ದವನ ಕೈಯನ್ನು ರೆಫರಿ ಹಿಡಿಯುತ್ತಾನೆ. ಅವನು ಒಮ್ಮೆ ಅಮುಕಿದರೆ ಚೆನ್ನಾಗಿದ್ದಾನೆ, ಆಟ ನಡೆಯಲಿ. ಅಮುಕದಿದ್ದರೆ ನಿಲ್ಲಿಸಬೇಕು. ಅವತ್ತು ಗುಡುಗುವಿನ ಕೈ ಹಿಡಿದೆ. ಅಮುಕಲಿಲ್ಲ. ಮಧ್ಯಾಹ್ನ ನಮ್ಮಿಬ್ಬರಿಗೂ ಜಗಳವಾಗಿತ್ತು, ಹಿಂದಿನ ಪಂದ್ಯದಲ್ಲಿ ಬೇಗ ಎಣಿಸಿದೆನೆಂದು. "ಇವತ್ತು ನಿನ್ನ ಕೈ ಮುಟ್ಟಲ್ಲ ಹೋಗೋ" ಅಂದಿದ್ದ. ಅದೇ ಮುನಿಸು ಅಂದುಕೊಂಡೆ. ಭಾವ "ನಿಲ್ಸೋ, ನಿಲ್ಸೋ" ಎಂದು ಮೂರು ಸಲ ಕೂಗಿದ. ನಿಲ್ಲಿಸಿ ಎಂದು ಗೋಗರೆಯುವುದು ಖಳನ ದಿನನಿತ್ಯದ ಪಾಠ. ಏನು ಚೆನ್ನಾಗಿ ಮಾಡುತ್ತಾನೆ ಭಾವ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡು ನಿಂತೆ. ಪರದೆಯ ಹಿಂದೆ ಹೋದ ಮೇಲೆ ಎಲ್ಲ ತಿಳಿಯಿತು. ನಾನು ಬಾಯಿ ಬಿಟ್ಟಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಭಾವ ಬಾಯಿ ಬಿಡಲಿಲ್ಲ, ಹೆಂಡತಿಯ ತಮ್ಮನೆಂದು. ಈಗ ಗುಡುಗು ಹೇಳಿದ ಮೇಲೂ ನನ್ನ ಪಾಲಿನದು ಭಾವನ ಹೊಟ್ಟೆಯಲ್ಲೇ ಇದೆ.

ಇವತ್ತು ಬೆಳಿಗ್ಗೆ, ಅವರಿಬ್ಬರೂ ಬರುವ ಮೊದಲೇ ಭಾವನ ಅಂಗಡಿಗೆ ಹೋದೆ. ಹೆಣೆಯುತ್ತಿದ್ದವನ ಕೈ ಹಿಡಿದುಕೊಂಡೆ, ಹಿಂದೆ ಹಿಡಿಯುತ್ತಿದ್ದಂತೆ. ಭಾವ ಗೋಡೆಯ ಮೇಲಿನ ನಿನ್ನ ಪುಟವನ್ನೇ ನೋಡುತ್ತಿದ್ದ. ನಕ್ಕ. ಆದರೆ ಅಮುಕಲಿಲ್ಲ, ಕಟ್ಟಿರುವೆ. ಎಷ್ಟು ಹೊತ್ತು ಹಿಡಿದು ನಿಂತರೂ ಅಮುಕಲಿಲ್ಲ.

ಈ ಸಲ ನನಗೆ ಅರ್ಥವಾಗಿದೆ. ಮುಂದಿನ ಸೋಮವಾರದ ಅಚ್ಚು ನಿಲ್ಲಿಸು. ಆ ಹತ್ತಿರದವನ ಹೆಸರು ಹಾಕು, ಅವನು ಮಾಡಿದ್ದನ್ನೂ ಬರೆ. ಆಮೇಲೆ ಬೇಕಾದರೆ ಎಣಿಸು.