ಮಹಡಿ ಕೋಣೆ ಕೊಟ್ಟಾಯ್ತು ಅಂದೆ

ಇವರೇ,

ನೀವು ಸತ್ತು ನಾಲ್ಕು ವರ್ಷವಾಯ್ತು. ಒಳ್ಳೇ ಸಮಯಕ್ಕೇ ಹೋದಿರಿ. ಇವತ್ತು ನಿಮ್ಮ ಮಗ ಮಾಡಿದ್ದು ನೋಡಿದ್ದರೆ ನಿಮಗೆ ತುತ್ತು ಇಳಿಯುತ್ತಿರಲಿಲ್ಲ.

ಮಧ್ಯಾಹ್ನ ಗಂಡ ಹೆಂಡತಿ ಇಬ್ಬರು ಬಂದರು. ನಮ್ಮ ಕಡೆಯವರೇ, ಈ ದೇಶಕ್ಕೆ ಬಂದು ಇಪ್ಪತ್ತು ದಿನವೂ ಆಗಿಲ್ಲ. ಹುಡುಗಿ ಏಳು ತಿಂಗಳ ಬಸುರಿ. ಗೇಟಿನ ಬೋರ್ಡು ತೋರಿಸಿ, ಕೈಸನ್ನೆಯಲ್ಲೇ ಮಹಡಿ ಕೋಣೆ ಬಾಡಿಗೆಗೆ ಕೇಳಿದರು. ಅವರಿಗೆ ಇಲ್ಲಿಯ ಭಾಷೆ ಬಾರದು, ನಿಮ್ಮ ಮಗನಿಗೆ ನಮ್ಮದು ಬಾರದು. ಕಲಿಸಬೇಡ, ಸ್ಕೂಲಲ್ಲಿ ಆಡಿಕೊಳ್ತಾರೆ ಅಂದವರು ನೀವೇ ತಾನೇ.

ನನ್ನನ್ನು ಬಾಗಿಲಿಗೆ ಕರೆದು, ಅವನ ಭಾಷೆಯಲ್ಲಿ, "ಕೊಟ್ಟಾಯ್ತು ಅಂತ ಹೇಳಮ್ಮ. ಇಂಥವರು ಬಂದೇ ನಮ್ಮ ದೇಶ ಕೆಟ್ಟಿದ್ದು" ಅಂದ.

ನಮ್ಮ ದೇಶವಂತೆ! ಇವನನ್ನು ಹೊಟ್ಟೆಯಲ್ಲಿ ಹೊತ್ತುಕೊಂಡು ನಿಮ್ಮ ಹಿಂದೆ ಬೀದಿ ಬೀದಿ ಕೋಣೆ ಕೇಳುತ್ತಾ ಅಲೆದೆನಲ್ಲ, ಆಗ ಇವನು ಯಾವ ದೇಶದ ದೊರೆಯಾಗಿದ್ದನೋ. ಥೂ!

ಉಗಿಯುವುದಿದ್ದರೆ ನನ್ನ ಮುಖಕ್ಕೂ ಒಂದಿಷ್ಟು ಉಳಿಸಿಕೊಳ್ಳಿ. ನಾನಿರುವುದು ಅವನ ಮನೆಯಲ್ಲಿ. "ನಿನ್ನೆ ತಾನೇ ಬೇರೆಯವರಿಗೆ ಕೊಟ್ವಿ ಕಣಮ್ಮ" ಅಂದುಬಿಟ್ಟೆ.

ಆ ಹುಡುಗಿಯ ಮುಖ ಅರಳಿತು. "ಕೋಣೆ ಹೋದ್ರೆ ಹೋಗ್ಲಿ ಬಿಡಿ ಅಜ್ಜಿ! ನಮ್ಮ ಮಾತು ಕೇಳಿ ಎಷ್ಟು ದಿನ ಆಗಿತ್ತು. ಇನ್ನೊಂಚೂರು ಮಾತಾಡಿ" ಅಂದಳು.

ಬಾಗಿಲು ಹಾಕಿಕೊಂಡೆ. "ನೀನಿದ್ದದ್ದು ಒಳ್ಳೇದಾಯ್ತು" ಅಂತ ನಿಮ್ಮ ಮಗ ಬೆನ್ನು ತಟ್ಟಿದ.

ಆ ಕೋಣೆಯ ಬೀಗದ ಕೈ ಆಗಲೂ ನನ್ನ ಸೊಂಟದಲ್ಲೇ ಇತ್ತು.